ಚಿಂಚಿಲಾ: ಹೊಸ ಮನೆ, ಹಲವರ ಸಲಹೆ

ಚಿಂಚಿಲಾ ದಕ್ಷಿಣ ಅಮೆರಿಕದ ಅಂಡೀಸ್ ಪರ್ವತಸಾಲಿನ ಪ್ರಾಣಿ. ಇಲಿ, ಅಳಿಲು, ಮುಳ್ಳುಹಂದಿಗಳಿರುವ ದಂಶಕ ಗಣಕ್ಕೇ ಇದೂ ಸೇರುತ್ತದೆ. ದುಂಡು ಮೈ, ಅಗಲವಾದ ತೆಳು ಕಿವಿ, ಉದ್ದ ಮೀಸೆ, ಪೊದೆಗಟ್ಟಿದ ಬಾಲ, ನೆಗೆಯುವುದಕ್ಕೆಂದೇ ಬಲಿತ ಹಿಂಗಾಲು ಇದರ ಲಕ್ಷಣಗಳು. ಬೆಳೆದ ಪ್ರಾಣಿ ಅರ್ಧ ಕಿಲೋ ಆಸುಪಾಸು ತೂಗುತ್ತದೆ. ಹೆಣ್ಣು ಗಂಡಿಗಿಂತ ತುಸು ದೊಡ್ಡದು. ಉದ್ದ ಬಾಲದ್ದು, ಗಿಡ್ಡ ಬಾಲದ್ದು ಎಂದು ಎರಡು ಪ್ರಭೇದಗಳಿದ್ದು, ಮನೆಗಳಲ್ಲಿ ಸಾಕುವುದು ಚಿಲಿ ದೇಶದ ಉದ್ದ ಬಾಲದ ಪ್ರಭೇದವನ್ನು. ಕಾಡಿನಲ್ಲಿ ಎರಡೂ ಅಳಿವಿನ ಅಂಚಿನಲ್ಲಿವೆ. ಚಿಲಿಯ ಇಲ್ಯಾಪೆಲ್ ಪಟ್ಟಣದ ಬಳಿ 1983ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮೀಸಲು ಪ್ರದೇಶವೊಂದಕ್ಕೆ ಈ ಪ್ರಾಣಿಯ ಹೆಸರನ್ನೇ ಇಡಲಾಗಿದೆ.

ಇದರ ಬಾಳನ್ನೂ ಸಂಕಟವನ್ನೂ ನಿರ್ಧರಿಸಿದ್ದು ತುಪ್ಪಳ. ಮನುಷ್ಯನ ತಲೆಯಲ್ಲಿ ಒಂದು ರಂಧ್ರದಿಂದ ಒಂದೋ ಎರಡೋ ಕೂದಲು ಹೊರಟರೆ ಚಿಂಚಿಲಾದ ಚರ್ಮದಲ್ಲಿ ಒಂದೇ ರಂಧ್ರದಿಂದ 50ಕ್ಕೂ ಹೆಚ್ಚು ಎಳೆಗಳು ಹೊರಡುತ್ತವೆ. ಬೆರಳಿಟ್ಟರೆ ಚರ್ಮ ತಾಗುವುದೇ ಇಲ್ಲ. ಹಗಲು ಒಣ ಬಿಸಿಲು, ರಾತ್ರಿ ಕೊರೆಯುವ ಚಳಿ ಇರುವ ಬಂಡೆಯ ಇಳಿಜಾರುಗಳಲ್ಲಿ ಹಗಲೆಲ್ಲ ಬಂಡೆ ಸಂದಿಯಲ್ಲಿ ಅಡಗಿದ್ದು, ಮುಸ್ಸಂಜೆಗೆ ಹೊರಬಿದ್ದು ಮೇಯುವ ಪ್ರಾಣಿಗೆ ಇದು ತಕ್ಕ ಹೊದಿಕೆ. ಯೂರೋಪು, ಅಮೆರಿಕಗಳ ಸಿರಿವಂತರಿಗೂ ಅದೇ ಹೊದಿಕೆ ಬೇಕಾಯಿತು. ಉದ್ದನೆಯ ಒಂದು ಕೋಟಿಗೆ ನೂರಕ್ಕೂ ಹೆಚ್ಚು ಚರ್ಮ ಹಿಡಿಯುತ್ತಿತ್ತು. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಚಿಲಿಯಿಂದ ಲಕ್ಷಗಟ್ಟಲೆ ಚರ್ಮಗಳು ಹಡಗೇರುತ್ತಿದ್ದವು. 1910ರಲ್ಲಿ ಚಿಲಿ, ಅರ್ಜೆಂಟೀನಾ, ಬೊಲಿವಿಯಾ, ಪೆರು ದೇಶಗಳು ಸೇರಿ ಬೇಟೆ ನಿಷೇಧದ ಒಪ್ಪಂದ ಮಾಡಿಕೊಂಡವು. ಅದು ಬೆಲೆಯನ್ನು ಏರಿಸಿತೇ ಹೊರತು ಬೇಟೆಯನ್ನು ನಿಲ್ಲಿಸಲಿಲ್ಲ.

ಚಿಂಚಿಲಾವನ್ನು ಹೊಸ ಜಾಗಕ್ಕೆ ಒಗ್ಗಿಸುವ ಕೆಲಸದಲ್ಲಿ ಮೊದಲು ಹೆಸರು ಬರುವುದು ಮಥಾಯಸ್ ಚಾಪ್‌ಮನ್ ಅವರದು. ಇವರು ಚಿಲಿಯ ತಾಮ್ರದ ಗಣಿಯಲ್ಲಿ ಎಂಜಿನಿಯರ್ ಆಗಿದ್ದ ಅಮೆರಿಕನ್. ಕೂಲಿಯಾಳುಗಳನ್ನಿಟ್ಟು ವರ್ಷಗಟ್ಟಲೆ ಹುಡುಕಿಸಿದರೂ ಅವರಿಗೆ ದಕ್ಕಿದ್ದು ಹತ್ತು-ಹನ್ನೆರಡು ಪ್ರಾಣಿ ಮಾತ್ರ. ಅವನ್ನು ಅವರು ಒಮ್ಮೆಲೇ ಕರಾವಳಿಗೆ ಇಳಿಸಲಿಲ್ಲ. ಬೆಟ್ಟದ ಮೇಲಿಂದ ಸ್ವಲ್ಪ ಕೆಳಗೆ ತಂದು ಕೆಲವು ಕಾಲ ನಿಲ್ಲಿಸುವುದು, ಅಲ್ಲಿನ ಗಾಳಿಗೆ ಒಗ್ಗಿದ ಮೇಲೆ ಮತ್ತಷ್ಟು ಇಳಿಸುವುದು, ಹೀಗೆ ತಿಂಗಳುಗಟ್ಟಲೆ ಮಾಡಿದರು. ಸಮಭಾಜಕ ವೃತ್ತವನ್ನು ದಾಟುವ ಹಡಗಿನಲ್ಲಿ ಪಂಜರಗಳ ಬಳಿ ಮಂಜುಗಡ್ಡೆ ಇಟ್ಟು ತಂಪು ಕಾಯ್ದರು. 1923ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಪೆಡ್ರೊ ಬಂದರಿನಲ್ಲಿ ಹನ್ನೊಂದು ಚಿಂಚಿಲಾಗಳು ಜೀವಂತವಾಗಿ ಇಳಿದವು. ಇಂದು ಅಮೆರಿಕದ ಮನೆಗಳಲ್ಲಿರುವ ಚಿಂಚಿಲಾಗಳಲ್ಲಿ ಹೆಚ್ಚಿನವು ಈ ಸಣ್ಣ ಹಿಂಡಿನ ಸಂತತಿ. ಆದರೆ ಚಾಪ್‌ಮನ್ ಇವನ್ನು ತಂದದ್ದು ಮುದ್ದಿಗಲ್ಲ, ತುಪ್ಪಳದ ಸಾಕಣೆಗೆ. ಹೊಸ ಸಾಕಣೆದಾರರಿಗೆ ಸಿಗುವ ಸಲಹೆಗಳ ಮೂಲ ತಿಳಿಯಬೇಕಾದರೆ ಈ ಸಂಗತಿ ನೆನಪಿರಬೇಕು.

ಪ್ರಾಣಿ ಮನೆಗೆ ಬರುವ ಮುಂಚೆಯೇ ಆಗಬೇಕಾದ ಕೆಲಸಗಳಲ್ಲಿ ಮೊದಲನೆಯದು ತಾಪಮಾನದ ಏರ್ಪಾಡು. 10ರಿಂದ 20 ಡಿಗ್ರಿ ಸೆಲ್ಸಿಯಸ್ ಚಿಂಚಿಲಾಕ್ಕೆ ಹಿತ. 25 ದಾಟಿದರೆ ಎಚ್ಚರಿಕೆ ಬೇಕು. 27, 28ರ ಮೇಲೆ ಶಾಖಾಘಾತದ ಅಪಾಯವಿದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಇನ್ನೂ ಕಡಿಮೆ ತಾಪದಲ್ಲೇ ತೊಂದರೆ ಶುರುವಾಗುತ್ತದೆ. ಈ ಪ್ರಾಣಿ ಬೆವರುವುದಿಲ್ಲ. ಮೈಯ ಕಾವು ಹೊರಹೋಗುವ ಮುಖ್ಯ ದಾರಿ ತುಪ್ಪಳವಿಲ್ಲದ ಆ ಎರಡು ಕಿವಿಗಳು. ಸೆಖೆ ಹೆಚ್ಚಿದಾಗ ಕಿವಿಯ ರಕ್ತನಾಳಗಳು ಉಬ್ಬಿ ಕಿವಿ ಕೆಂಪಾಗುತ್ತದೆ. ಪ್ರಾಣಿ ಮಗ್ಗುಲಾಗಿ ಚಾಚಿ ಮಲಗಿ ಏದುಸಿರು ಬಿಡುತ್ತದೆ. ಇಷ್ಟು ಕಂಡಾಗಲೇ ತಡವಾಗಿದೆ ಎಂದು ತಿಳಿಯಬೇಕು. ಫ್ಯಾನ್ ಹಾಕಿದರೆ ಸಾಕು ಎನ್ನುವ ಮಾತು ಬೆವರುವ ಮನುಷ್ಯನ ಅನುಭವದಿಂದ ಬಂದದ್ದು. ಬೆವರೇ ಇಲ್ಲದ ಮೈಗೆ, ಅದೂ ಗಾಳಿಯೇ ತೂರದ ತುಪ್ಪಳದ ಮೈಗೆ, ಬಿಸಿ ಕೋಣೆಯ ಫ್ಯಾನ್ ಗಾಳಿಯಿಂದ ತಂಪಾಗುವುದಿಲ್ಲ. ಗೂಡಿನೊಳಗೆ ಒಂದು ಗ್ರಾನೈಟ್ ತುಂಡು ಇಟ್ಟರೆ ಪ್ರಾಣಿ ಅದರ ಮೇಲೆ ಹೊಟ್ಟೆ ಹಚ್ಚಿ ಕೂರುತ್ತದೆ. ಅದೊಂದು ಒಳ್ಳೆಯ ಸೌಕರ್ಯವೇ ಹೊರತು ಎ.ಸಿ.ಗೆ ಬದಲಿಯಲ್ಲ.

ಕರ್ನಾಟಕದವರು ಇಲ್ಲಿ ಒಂದು ಕ್ಷಣ ನಿಂತು ಲೆಕ್ಕ ಹಾಕಬೇಕು. ತಂಪಿಗೆ ಹೆಸರಾದ ಬೆಂಗಳೂರಿನಲ್ಲೂ ಏಪ್ರಿಲ್ ಮಧ್ಯಾಹ್ನದ ತಾಪ ಸಾಮಾನ್ಯವಾಗಿ 34 ಡಿಗ್ರಿ ಆಸುಪಾಸು ಇರುತ್ತದೆ; 2016ರ ಏಪ್ರಿಲ್‌ನಲ್ಲಿ ಅದು 39.2ಕ್ಕೆ ಮುಟ್ಟಿತ್ತು. ಮಂಗಳೂರು, ಕಾರವಾರಗಳಲ್ಲಿ ತಾಪದ ಜೊತೆ ತೇವವೂ ಸೇರುತ್ತದೆ. ಕಲಬುರಗಿ, ರಾಯಚೂರುಗಳ ಬೇಸಿಗೆಯ ಮಾತು ಆಡುವುದೇ ಬೇಡ. ಹೀಗಿರುವಾಗ ಚಿಂಚಿಲಾ ಇರುವ ಕೋಣೆಯಲ್ಲಿ ತಿಂಗಳುಗಟ್ಟಲೆ ಹಗಲು ರಾತ್ರಿ ಎ.ಸಿ. ಓಡಬೇಕು. ಕರೆಂಟು ಹೋದರೆ ಮನೆಯ ಸಾಮಾನ್ಯ ಇನ್ವರ್ಟರ್ ದೀಪ, ಫ್ಯಾನುಗಳನ್ನು ನಡೆಸುತ್ತದೆ, ಎ.ಸಿ.ಯನ್ನಲ್ಲ. ಇದರ ಜೊತೆಗೆ ಕಾನೂನಿನ ಪ್ರಶ್ನೆಯಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ನಂತರ ಹಲವು ವಿದೇಶಿ ಪ್ರಭೇದಗಳನ್ನು ಇಟ್ಟುಕೊಂಡವರು ಅದನ್ನು ಸರ್ಕಾರಕ್ಕೆ ತಿಳಿಸಿ ನೋಂದಾಯಿಸಬೇಕೆಂಬ ಕಟ್ಟುಪಾಡು ಬಂದಿದೆ. ಕಾಡಿನ ಚಿಂಚಿಲಾಗಳ ಅಂತರರಾಷ್ಟ್ರೀಯ ವ್ಯಾಪಾರ ನಿಷಿದ್ಧ. ಸಾಕಿದ ತಳಿಗೆ ಆ ನಿಷೇಧದಿಂದ ವಿನಾಯಿತಿಯಿದೆ. ಮಾರುವವರು ಕೊಡುವ ಬಾಯಿಮಾತಿನ ಭರವಸೆ ಸಾಲದು. ಕಾಗದಪತ್ರ ಕೇಳಿ ಪಡೆದು, ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ. ಚಿಂಚಿಲಾ ತುಪ್ಪಳದ ಆಮದನ್ನಂತೂ ಭಾರತ 2017ರಲ್ಲೇ ನಿಷೇಧಿಸಿದೆ.

ಗೂಡಿನ ವಿಷಯಕ್ಕೆ ಬಂದರೆ, ಅಗಲಕ್ಕಿಂತ ಎತ್ತರ ಮುಖ್ಯ. ಬಂಡೆಯಿಂದ ಬಂಡೆಗೆ ನೆಗೆಯುವ ಪ್ರಾಣಿಗೆ ಹಲವು ಅಂತಸ್ತಿನ, ಮರದ ಅಟ್ಟಣಿಗೆಗಳಿರುವ ಕಬ್ಬಿಣದ ಗೂಡು ಬೇಕು. ಅಟ್ಟಣಿಗೆಗಳ ನಡುವೆ ಹೆಚ್ಚು ಎತ್ತರದ ಅಂತರವಿದ್ದರೆ ಬಿದ್ದು ಕಾಲು ಮುರಿದುಕೊಳ್ಳುತ್ತದೆ. ಪ್ಲಾಸ್ಟಿಕ್ ಎಲ್ಲೂ ಇರಕೂಡದು: ಅಟ್ಟಣಿಗೆಯಾಗಲಿ, ತಟ್ಟೆಯಾಗಲಿ ಅದನ್ನು ಕಡಿದು ನುಂಗಿದರೆ ಚೂರು ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಓಡುವ ಚಕ್ರ ಇಡುವುದಾದರೆ ಕಡ್ಡಿಗಳಿಲ್ಲದ ಗಟ್ಟಿ ಮೈಯದಾಗಿರಬೇಕು. ವ್ಯಾಸ 15 ಇಂಚಿಗೆ ಕಡಿಮೆಯಿದ್ದರೆ ಬೆನ್ನು ಬಾಗುತ್ತದೆ. ಒಳಗೆ ಬಿಟ್ಟು ಉರುಳಿಸುವ ಪಾರದರ್ಶಕ ಚೆಂಡುಗಳು ಅಂಗಡಿಯಲ್ಲಿ ಚೆಂದವಾಗಿ ಕಾಣುತ್ತವೆ, ಆದರೆ ಗಾಳಿಯಾಡದ ಆ ಚೆಂಡಿನಲ್ಲಿ ಚಿಂಚಿಲಾ ಬೆಂದುಹೋಗುತ್ತದೆ. ಅಡಗಲು ಒಂದು ಮರದ ಪೆಟ್ಟಿಗೆ, ಒಣಹುಲ್ಲಿನ ಗೋದಲಿ, ಗೂಡಿನ ಹೊರಗೆ ಸಿಕ್ಕಿಸುವ ನೀರಿನ ಬಾಟಲಿ ಇಷ್ಟಿದ್ದರೆ ಮೊದಲ ದಿನಕ್ಕೆ ಸಾಕು. ಟಿ.ವಿ. ಇರುವ ಹಜಾರ, ಬಿಸಿಲು ಬೀಳುವ ಕಿಟಕಿ, ಹೊಗೆಯಾಡುವ ಅಡುಗೆಮನೆಗಳಲ್ಲಿ ಗೂಡು ಇಡಬಾರದು. ಹಗಲು ನಿದ್ದೆಗೆ ಭಂಗ ಬಾರದ ಮೂಲೆ ಬೇಕು.

ಹೊಸ ಮನೆಗೆ ಬಂದ ಚಿಂಚಿಲಾಕ್ಕೆ ಮೊದಲ ಎರಡು ಮೂರು ದಿನ ಮಾಡಬೇಕಾದ ಅತಿ ದೊಡ್ಡ ಉಪಕಾರವೆಂದರೆ ಅದರ ಪಾಡಿಗೆ ಅದನ್ನು ಬಿಡುವುದು. ಮಕ್ಕಳಿರುವ ಮನೆಯಲ್ಲಿ ಇದು ಎಲ್ಲಕ್ಕಿಂತ ಕಷ್ಟದ ಕೆಲಸ. ನೆಂಟರು, ನೆರೆಹೊರೆಯವರು ನೋಡಲು ಬಂದೇ ಬರುತ್ತಾರೆ. ಅವರನ್ನು ಒಂದು ವಾರ ತಡೆಹಿಡಿಯುವುದು ಲೇಸು. ಪ್ರಾಣಿ ಪೆಟ್ಟಿಗೆಯೊಳಗೇ ಮುದುಡಿ ಕೂರಬಹುದು, ಕಡಿಮೆ ತಿನ್ನಬಹುದು, ನಾಯಿಮರಿ ಬೊಗಳಿದಂತೆ ಒರಟಾಗಿ ಕೂಗಬಹುದು. ಆ ಕೂಗು ಹಿಂಡಿಗೆ ಕೊಡುವ ಅಪಾಯದ ಸೂಚನೆ. ಹೆದರಿದ ಹೆಣ್ಣು ಹಿಂಗಾಲ ಮೇಲೆ ನೆಟ್ಟಗೆ ನಿಂತು ಗುರಿಯಿಟ್ಟು ಉಚ್ಚೆ ಚಿಮ್ಮಿಸುವುದೂ ಉಂಟು. ಇವೆಲ್ಲ ರೋಗದ ಲಕ್ಷಣಗಳಲ್ಲ, ದುಷ್ಟ ಸ್ವಭಾವದ ಗುರುತೂ ಅಲ್ಲ. ಈ ದಿನಗಳಲ್ಲಿ ನೋಡಬೇಕಾದ್ದು ಬೆಳಗ್ಗೆ ಗೂಡಿನ ತಟ್ಟೆಯಲ್ಲಿ ಎಷ್ಟು ಹಿಕ್ಕೆ ಬಿದ್ದಿದೆ ಎಂಬುದನ್ನು. ಅಕ್ಕಿಕಾಳಿಗಿಂತ ದಪ್ಪನೆಯ, ಗಟ್ಟಿಯಾದ, ಒಂದೇ ಗಾತ್ರದ ಹಿಕ್ಕೆಗಳು ಧಾರಾಳವಾಗಿ ಬಿದ್ದಿದ್ದರೆ ಪ್ರಾಣಿ ಎಷ್ಟೇ ಅಡಗಿ ಕೂತರೂ ಒಳಗೆ ಕ್ಷೇಮವಾಗಿದೆ.

ಆಹಾರದಲ್ಲಿ ಆತುರ ಸಲ್ಲದು. ಹಿಂದಿನ ಮನೆಯಲ್ಲೋ ಅಂಗಡಿಯಲ್ಲೋ ಏನು ತಿನ್ನುತ್ತಿತ್ತೋ ಅದನ್ನೇ ಒಂದಿಷ್ಟು ಕೇಳಿ ತರಬೇಕು. ಅದು ಕಳಪೆ ಎನಿಸಿದರೂ ಒಂದು ವಾರ, ಹತ್ತು ದಿನಗಳಲ್ಲಿ ಹೊಸದನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ ಬದಲಿಸಬೇಕು. ಚಿಂಚಿಲಾದ ಅನ್ನವೆಂದರೆ ಒಣಹುಲ್ಲು. ತಿಮೋತಿಯಂಥ ಹುಲ್ಲು ದಿನವಿಡೀ ಎದುರಿಗಿರಬೇಕು. ಅದಕ್ಕಾಗಿಯೇ ತಯಾರಾದ ಉಂಡೆ ಆಹಾರ ದಿನಕ್ಕೆ ಒಂದೆರಡು ದೊಡ್ಡ ಚಮಚ ಸಾಕು. ಕುದುರೆ ಮಸಾಲೆ ಸೊಪ್ಪಿನಲ್ಲಿ ಸುಣ್ಣದ ಅಂಶ, ಪ್ರೋಟೀನು ಹೆಚ್ಚು. ಅದು ಮರಿಗಳಿಗೆ, ಬಸುರಿ, ಬಾಣಂತಿಗಳಿಗೆ ಸರಿ. ಹುಲ್ಲಿನ ಮೇಲೆ ಇಷ್ಟು ಒತ್ತು ಕೊಡಲು ಕಾರಣ ಬಾಯೊಳಗಿದೆ. ಚಿಂಚಿಲಾದ ಇಪ್ಪತ್ತು ಹಲ್ಲುಗಳೂ ಸಾಯುವವರೆಗೆ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲು ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುತ್ತದೆ. ಹುಲ್ಲನ್ನು ಅಡ್ಡಡ್ಡ ಅರೆಯುವುದರಿಂದಲೇ ದವಡೆ ಹಲ್ಲು ಸವೆಯುವುದು. ಸವೆಯದಿದ್ದರೆ ಬೇರು ದವಡೆಯೊಳಕ್ಕೆ, ಕಣ್ಣಿನ ಕಡೆಗೆ ಒತ್ತುತ್ತದೆ. ಗದ್ದ ಒದ್ದೆಯಾಗಿದ್ದರೆ, ಕಣ್ಣಲ್ಲಿ ನೀರು ಸುರಿದರೆ ಹಲ್ಲನ್ನು ಅನುಮಾನಿಸಬೇಕು. ಆರೋಗ್ಯವಂತ ಚಿಂಚಿಲಾದ ಬಾಚಿಹಲ್ಲಿನ ಬಣ್ಣ ಕಿತ್ತಳೆ ಬೆರೆತ ಹಳದಿ. ಬಿಳಿ ಹಲ್ಲನ್ನು ಕಂಡು ಎಷ್ಟು ಚೊಕ್ಕಟ ಎಂದು ಮೆಚ್ಚುವವರು ವಾಸ್ತವವಾಗಿ ಒಂದು ಕೊರತೆಯನ್ನು ಮೆಚ್ಚುತ್ತಿರುತ್ತಾರೆ.

ಕೈಗೆ ಒಗ್ಗಿಸುವುದು ವಾರಗಳ ಕೆಲಸ. ಕೆಲವಕ್ಕೆ ತಿಂಗಳುಗಳೂ ಬೇಕಾಗುತ್ತವೆ. ಸಂಜೆ ಪ್ರಾಣಿ ಎಚ್ಚೆತ್ತ ಮೇಲೆ ಗೂಡಿನ ಬಳಿ ಕೂತು ಮೆಲುದನಿಯಲ್ಲಿ ಮಾತಾಡುವುದು ಮೊದಲ ಹಂತ. ಆಮೇಲೆ ಬಾಗಿಲು ತೆರೆದು ಅಂಗೈಯನ್ನು ಮೇಲ್ಮುಖವಾಗಿ ನೆಲಕ್ಕೆ ತಾಗಿಸಿ ಸುಮ್ಮನೆ ಇಡಬೇಕು. ಮೇಲಿಂದ ಇಳಿಯುವ ಕೈ ಅದಕ್ಕೆ ಹದ್ದಿನ ಪಂಜ. ಮೀಸೆ ತಾಗಿಸಿ ಮೂಸುತ್ತದೆ, ಹಿಂದೆ ಸರಿಯುತ್ತದೆ, ಮತ್ತೆ ಬಂದು ಬೆರಳ ತುದಿಯನ್ನು ಹಲ್ಲಿನಿಂದ ಮೆಲ್ಲಗೆ ಮುಟ್ಟಿ ನೋಡುತ್ತದೆ. ಈ ಮೃದುವಾದ ಕಡಿತಕ್ಕೆ ಕೈ ಎಳೆದುಕೊಂಡರೆ ಕೆಲಸ ಒಂದು ಹೆಜ್ಜೆ ಹಿಂದಕ್ಕೆ ಹೋದಂತೆ. ಮುಂದೊಂದು ದಿನ ಮುಂಗಾಲೆರಡನ್ನೂ ಅಂಗೈ ಮೇಲಿಟ್ಟು ನಿಲ್ಲುತ್ತದೆ, ಮತ್ತೊಂದು ದಿನ ತೋಳೇರುತ್ತದೆ. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಗಾಲುಗಳ ಕೆಳಗೆ ಇರಬೇಕು. ಪಕ್ಕೆಲುಬು ಬಲು ನಾಜೂಕು, ಬಿಗಿ ಹಿಡಿಯುವಂತಿಲ್ಲ. ಅಟ್ಟಿಸಿಕೊಂಡು ಹೋಗಿ ಗಬಕ್ಕನೆ ಹಿಡಿದರೆ ಒಂದು ಹಿಡಿ ತುಪ್ಪಳ ಕೈಯಲ್ಲಿ ಉಳಿದು ಪ್ರಾಣಿ ಜಾರಿಹೋಗಿರುತ್ತದೆ. ಬೇಟೆಗಾರನ ಬಾಯಿಂದ ಪಾರಾಗಲು ಅದು ಕಂಡುಕೊಂಡ ಉಪಾಯವಿದು. ಚರ್ಮಕ್ಕೆ ಗಾಯವಾಗಿರುವುದಿಲ್ಲ, ಆದರೆ ಆ ಬೋಳು ಜಾಗ ತುಂಬಲು ತಿಂಗಳುಗಳು ಹಿಡಿಯುತ್ತವೆ.

ಸ್ನಾನ ನೀರಿನಿಂದಲ್ಲ, ಧೂಳಿನಿಂದ. ಇಷ್ಟು ದಟ್ಟ ತುಪ್ಪಳ ಒಮ್ಮೆ ನೆನೆದರೆ ಬೇಗ ಆರುವುದಿಲ್ಲ. ಬುಡದಲ್ಲಿ ತೇವ ನಿಂತು ಬೂಷ್ಟು ಹಿಡಿಯುತ್ತದೆ, ಪ್ರಾಣಿ ನಡುಗಿ ಹಾಸಿಗೆ ಹಿಡಿಯುತ್ತದೆ. ತವರಿನಲ್ಲಿ ಅದು ಜ್ವಾಲಾಮುಖಿಯ ನುಣುಪಾದ ಬೂದಿಯಲ್ಲಿ ಹೊರಳುತ್ತಿತ್ತು. ಮನೆಯಲ್ಲಿ ಅದೇ ಬಗೆಯ ನಯವಾದ ಧೂಳನ್ನು ಎರಡು ಇಂಚು ತುಂಬಿದ ಅಗಲ ಬೋಗುಣಿಯನ್ನು ವಾರಕ್ಕೆ ಎರಡು ಮೂರು ಸಲ, ಹತ್ತು ಹದಿನೈದು ನಿಮಿಷ ಇಟ್ಟರಾಯಿತು. ಚಿಂಚಿಲಾ ಮೊದಲು ಮುಂಗಾಲಿನಿಂದ ಕೆದರಿ ನೋಡುತ್ತದೆ. ಮೀಸೆ ಅದುರಿಸುತ್ತದೆ. ತಟ್ಟನೆ ಮಗ್ಗುಲಿಗೆ ಬಿದ್ದು ಸುತ್ತು ಹೊಡೆಯುತ್ತದೆ. ಎದ್ದು ಮೈ ಕೊಡವಿ ಮತ್ತೆ ಬೀಳುತ್ತದೆ. ಧೂಳು ಕೋಣೆಯೆಲ್ಲ ಹಬ್ಬುವುದರಿಂದ ಮನೆಯಲ್ಲಿ ಉಬ್ಬಸದವರಿದ್ದರೆ ಈ ಕಾರ್ಯಕ್ರಮ ಬೇರೆಡೆ ನಡೆಯಬೇಕು. ಹೊಳೆಯ ಮರಳು ಕೂದಲನ್ನು ಕತ್ತರಿಸುತ್ತದೆ. ರಂಗೋಲಿ ಪುಡಿ, ಮೈಗೆ ಹಚ್ಚುವ ಪೌಡರು, ಮುಖಕ್ಕೆಂದು ಸುಗಂಧ ಬೆರೆಸಿ ಮಾರುವ ಮುಲ್ತಾನಿ ಮಿಟ್ಟಿ ಇವು ಯಾವುವೂ ಬದಲಿಯಾಗಲಾರವು.

ಇಷ್ಟರಲ್ಲಿ ಸಲಹೆಗಳು ಬರತೊಡಗಿರುತ್ತವೆ. ಚಿಂಚಿಲಾ ಸಾಕುವವರು ಎಲ್ಲ ಊರಿನಲ್ಲೂ ಕೆಲವೇ ಮಂದಿ. ಆ ಕಾರಣಕ್ಕೇ ಒಬ್ಬ ಹೊಸಬ ಸಿಕ್ಕಿದರೆ ಉಳಿದವರಿಗೆ ಹೇಳಿಕೊಡುವ ಉತ್ಸಾಹ. ಒಬ್ಬರು ದಿನಾ ಒಣದ್ರಾಕ್ಷಿ ಕೊಡಿ ಎಂದರೆ ಮತ್ತೊಬ್ಬರು ಅದು ವಿಷವೆನ್ನುತ್ತಾರೆ. ಒಬ್ಬರು ತಳಕ್ಕೆ ತಂತಿ ಜಾಲರಿ ಹಾಕಿದರೆ ಶುಚಿ ಎಂದರೆ ಮತ್ತೊಬ್ಬರು ಅದೇ ಕಾಲು ಮುರಿಯುವ ಯಂತ್ರವೆನ್ನುತ್ತಾರೆ. ಹೇಳುವವರೆಲ್ಲ ಅನುಭವಸ್ಥರು, ಎಲ್ಲರ ಮನೆಯಲ್ಲೂ ಪ್ರಾಣಿ ಜೀವಂತವಾಗಿದೆ. ಹೊಸಬ ಯಾರನ್ನು ನಂಬಬೇಕು?

ಇಲ್ಲಿ ಚಾಪ್‌ಮನ್ ಕಥೆಯ ಮುಂದಿನ ಭಾಗ ಸಹಾಯಕ್ಕೆ ಬರುತ್ತದೆ. 1923ರ ನಂತರದ ಹಲವು ದಶಕಗಳ ಕಾಲ ಚಿಂಚಿಲಾ ಸಾಕಣೆಯ ತಿಳಿವಳಿಕೆಯೆಲ್ಲ ಬೆಳೆದದ್ದು ತುಪ್ಪಳದ ಫಾರಂಗಳಲ್ಲಿ. ಅಲ್ಲಿ ತಂತಿಯ ತಳದ ಸಾಲು ಗೂಡುಗಳು. ಹಿಕ್ಕೆ ಕೆಳಗುದುರಿದರೆ ತುಪ್ಪಳಕ್ಕೆ ಕೊಳೆ ತಾಗದು. ಒಂದು ಗಂಡಿಗೆ ಹಲವು ಹೆಣ್ಣು: ಗೂಡುಗಳ ಹಿಂದೆ ಒಂದು ಓಣಿ, ಗಂಡು ಮಾತ್ರ ಅದರಲ್ಲಿ ಓಡಾಡಿ ಎಲ್ಲ ಗೂಡುಗಳಿಗೂ ಹೋಗಬಹುದು. ಹೆಣ್ಣುಗಳ ಕೊರಳಿಗೆ ಓಣಿಯ ಬಾಯಲ್ಲಿ ತೂರದಷ್ಟು ಅಗಲದ ಪಟ್ಟಿ. ಮಿತವ್ಯಯದ ಮೇವು, ತುಪ್ಪಳ ಹೊಳೆಯುವುದಕ್ಕೆ ಬೇಕಾದ ಧೂಳು, ಮರಿ ಹೆಚ್ಚುವುದಕ್ಕೆ ಬೇಕಾದ ಪೌಷ್ಟಿಕ ಸೊಪ್ಪು, ಹಿಡಿಯಲು ಸುಲಭವಾಗಲೆಂದು ಒಂದು ಒಣದ್ರಾಕ್ಷಿ ಇವೆಲ್ಲ ಅಲ್ಲಿನ ಲೆಕ್ಕಾಚಾರಕ್ಕೆ ಸರಿಯಾಗಿದ್ದವು. ಚರ್ಮಕ್ಕಾಗಿ ಸಾಕಿದ ಪ್ರಾಣಿ ಹದಿನೈದು ವರ್ಷ ಬದುಕುವ ಪ್ರಶ್ನೆಯೇ ಇರಲಿಲ್ಲ. ಹಲ್ಲಿನ ಬೇರು, ಸಕ್ಕರೆಯಿಂದ ಹದಗೆಡುವ ಕರುಳು, ಸವೆದ ಅಂಗಾಲು ಇವು ನಿಧಾನವಾಗಿ ವರ್ಷಗಳ ಮೇಲೆ ತೋರುವ ಕೇಡುಗಳು. ಅವು ಕಾಣಿಸಿಕೊಳ್ಳುವ ಮೊದಲೇ ಫಾರಂನ ಪ್ರಾಣಿಯ ಆಯಸ್ಸು ಮುಗಿದಿರುತ್ತಿತ್ತು. ಅದೇ ಫಾರಂಗಳಿಂದ ಪ್ರಾಣಿಗಳ ಜೊತೆ ಸಲಹೆಗಳೂ ಮನೆಗಳಿಗೆ ಬಂದವು. ಒಬ್ಬರಿಂದೊಬ್ಬರಿಗೆ ದಾಟುತ್ತ ಅವುಗಳ ಹುಟ್ಟೂರು ಮರೆತುಹೋಯಿತು.

ಆದ್ದರಿಂದ ಸಲಹೆ ಯಾರಿಂದ ಬಂತು ಎಂಬುದಕ್ಕಿಂತ ಯಾವ ಉದ್ದೇಶಕ್ಕೆ ಹುಟ್ಟಿದ್ದು ಎಂಬ ಪ್ರಶ್ನೆ ಹೆಚ್ಚು ಬೆಳಕು ಚೆಲ್ಲುತ್ತದೆ. ಒಣದ್ರಾಕ್ಷಿ ಒಂದು ಕ್ಷಣದಲ್ಲಿ ಪ್ರಾಣಿಯನ್ನು ಕೈಗೆ ಬರಿಸುತ್ತದೆ, ನಿಜ. ಆದರೆ ಬಡ ಹುಲ್ಲಿಗೆ ಒಗ್ಗಿದ ಕರುಳಿನಲ್ಲಿ ಸಕ್ಕರೆ ಸೂಕ್ಷ್ಮಜೀವಿಗಳ ಸಮತೋಲವನ್ನು ಕೆಡಿಸುತ್ತದೆ. ಹೊಟ್ಟೆ ಉಬ್ಬರಿಸಿದರೆ ವಾಂತಿ ಮಾಡುವ ಶಕ್ತಿಯೂ ಈ ಪ್ರಾಣಿಗಿಲ್ಲ. ಕಡಲೆಬೀಜ, ಗೋಡಂಬಿ, ಸೂರ್ಯಕಾಂತಿ ಬೀಜಗಳ ಎಣ್ಣೆಯೂ ಅದಕ್ಕೆ ಹೊರೆಯೇ. ಒಂದು ಚಿಟಿಕೆ ಓಟ್ಸ್ ಅದೇ ಕೆಲಸ ಮಾಡಬಲ್ಲದು. ತಂತಿ ತಳದ ವಿಷಯದಲ್ಲೂ ಹೀಗೇ. ಶುಚಿಯ ಮಾತು ಸುಳ್ಳಲ್ಲ, ಆದರೆ ಚಿಂಚಿಲಾದ ಮೊಣಕಾಲಿನ ಕೆಳಗಿನ ಎಲುಬು ಉದ್ದ, ತೆಳು. ಜಾಲರಿಯಲ್ಲಿ ಪಾದ ಸಿಕ್ಕಿ ಮೈ ತಿರುಗಿದರೆ ಮುರಿಯುವುದು ಅದೇ. ತಳದ ಮೇಲೆ ಹಲಗೆಯನ್ನೋ ದಪ್ಪ ಬಟ್ಟೆಯನ್ನೋ ಹಾಸಿ ದಿನಾ ಗುಡಿಸುವುದು ಸಾಕಣೆದಾರನಿಗೆ ಹೆಚ್ಚಿನ ಕೆಲಸ. ಆದರೆ ಮನೆಯಲ್ಲಿರುವುದು ಒಂದೋ ಎರಡೋ ಪ್ರಾಣಿ, ಐನೂರಲ್ಲ.

ಒಂಟಿ ಚಿಂಚಿಲಾಕ್ಕೆ ಜೊತೆ ಬೇಕು ಎಂಬ ಸಲಹೆ ಮೇಲಿನವುಗಳಿಗಿಂತ ಸೂಕ್ಷ್ಮ. ಕಾಡಿನಲ್ಲಿ ಇವು ಗುಂಪಾಗಿ ಬಾಳುವುದು ನಿಜ, ಜೊತೆಯಿದ್ದರೆ ಒಂದಕ್ಕೊಂದು ಒತ್ತಿ ಮಲಗುವುದನ್ನು ಕಂಡವರು ಒಂಟಿಯಾಗಿ ಇಡಲು ಒಪ್ಪಲಾರರು. ಆದರೆ ಜೊತೆಯನ್ನು ತಂದು ಅದೇ ಸಂಜೆ ಅದೇ ಗೂಡಿಗೆ ಬಿಡಿ ಎನ್ನುವ ಮಾತು ಅಪಾಯಕಾರಿ. ಅಪರಿಚಿತ ಚಿಂಚಿಲಾಗಳು ಸಾಯುವ ತನಕ ಕಾದಾಡಬಲ್ಲವು, ಅದರಲ್ಲೂ ಹೆಣ್ಣು ಹೆಚ್ಚು ಉಗ್ರ. ಹೊಸದನ್ನು ಮೊದಲು ಒಂದು ತಿಂಗಳು ಬೇರೆ ಕೋಣೆಯಲ್ಲಿಟ್ಟು ರೋಗವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಚರ್ಮಕ್ಕೆ ಅಂಟುವ ಹುಳುಕಡ್ಡಿ ಮನುಷ್ಯರಿಗೂ ಹರಡುತ್ತದೆ. ಆಮೇಲೆ ಎರಡು ಗೂಡುಗಳನ್ನು ಮೂಗು ತಾಗದಷ್ಟು ಅಂತರದಲ್ಲಿ ಅಕ್ಕಪಕ್ಕ ಇಟ್ಟು, ಒಂದೇ ಧೂಳಿನ ಬೋಗುಣಿಯನ್ನು ಸರದಿಯಲ್ಲಿ ಕೊಟ್ಟು ವಾಸನೆ ಪರಿಚಯ ಮಾಡಿಸಬೇಕು. ಇಲ್ಲೇ ಇನ್ನೊಂದು ಎಡವಟ್ಟು ಕಾದಿರುತ್ತದೆ. ಎರಡೂ ಹೆಣ್ಣೇ ಎಂದು ಮಾರಿದ ಜೋಡಿ ನಾಲ್ಕು ತಿಂಗಳಲ್ಲಿ ಮರಿ ಹಾಕುವುದು ಅಪರೂಪವಲ್ಲ. ಹೆಣ್ಣಿನ ಮೂತ್ರದ್ವಾರ ಹೊರಚಾಚಿಕೊಂಡು ಗಂಡಿನ ಅಂಗದಂತೆಯೇ ಕಾಣುತ್ತದೆ. ಅದಕ್ಕೂ ಗುದಕ್ಕೂ ನಡುವೆ ಬೆರಳಗಲ ಜಾಗವಿದ್ದರೆ ಗಂಡು, ಎರಡೂ ಅಂಟಿಕೊಂಡಂತಿದ್ದರೆ ಹೆಣ್ಣು. ಅಂಗಡಿಯವರು ಇದನ್ನು ತಪ್ಪಾಗಿ ನೋಡುವುದು ಸಾಮಾನ್ಯ. ಗರ್ಭದ ಅವಧಿ 111 ದಿನ. ಮರಿ ಹಾಕಿದ ಬೆನ್ನಲ್ಲೇ ಹೆಣ್ಣು ಮತ್ತೆ ಬೆದೆಗೆ ಬರುವುದರಿಂದ ಗಂಡನ್ನು ಅಷ್ಟರೊಳಗೆ ಬೇರೆ ಮಾಡಿರಬೇಕು.

ಕೆಲವು ವಿಷಯಗಳಲ್ಲಿ ಬಲ್ಲವರ ನಡುವೆಯೇ ಭಿನ್ನಾಭಿಪ್ರಾಯವಿದೆ. ಧೂಳಿನ ಸ್ನಾನ ವಾರಕ್ಕೆ ಎರಡೋ ನಾಲ್ಕೋ, ರಾತ್ರಿ ಎಷ್ಟು ಹೊತ್ತು ಕೋಣೆಯಲ್ಲಿ ಬಿಡಬೇಕು, ಹಾಸಿಗೆಗೆ ಮರದ ಹೊಟ್ಟೋ ಬಟ್ಟೆಯೋ ಎಂಬಂಥವು. ಇವುಗಳಿಗೆ ಒಂದೇ ಉತ್ತರವಿಲ್ಲ. ತೇವದ ಊರಿನಲ್ಲಿ ತುಪ್ಪಳ ಬೇಗ ಜಿಡ್ಡುಗಟ್ಟುವುದರಿಂದ ಸ್ನಾನ ಹೆಚ್ಚು ಬೇಕು. ಒಣ ಹವೆಯಲ್ಲಿ ಹೆಚ್ಚಾದರೆ ಚರ್ಮ ಒಡೆಯುತ್ತದೆ. ಇಂಗ್ಲೆಂಡಿನ ಸಾಕಣೆದಾರ ಹೇಳಿದ್ದು ಅರಿಜೋನಾದಲ್ಲಿ ಸಲ್ಲದಿರಬಹುದು. ಇಬ್ಬರೂ ಹೇಳಿದ್ದು ಉಡುಪಿಯಲ್ಲಿ ಸಲ್ಲದಿರಬಹುದು. ಇಂಥ ಕಡೆ ಒಂದು ಬಾರಿಗೆ ಒಂದನ್ನೇ ಬದಲಿಸಿ ಒಂದು ವಾರ ನೋಡುವುದು ಜಾಣತನ. ಒಂದೇ ದಿನ ಮೇವು, ಹಾಸಿಗೆ, ಜಾಗ ಮೂರನ್ನೂ ಬದಲಿಸಿದವರಿಗೆ ಪ್ರಾಣಿ ಸೊರಗಿದಾಗ ಕಾರಣ ಯಾವುದೆಂದು ತಿಳಿಯುವುದೇ ಇಲ್ಲ. ತಪ್ಪಾದರೆ ತಿದ್ದಿಕೊಳ್ಳಬಹುದಾದ ಸಲಹೆ, ತಿದ್ದಿಕೊಳ್ಳಲಾಗದ ಸಲಹೆ ಎಂದು ಎರಡು ಪಾಲು ಮಾಡಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಹುಲ್ಲಿನ ತಳಿ ಬದಲಿಸುವುದು ಮೊದಲನೆಯ ಬಗೆ. ದೇವದಾರು ಜಾತಿಯ ಘಾಟು ಮರದ ಹೊಟ್ಟು ಹಾಸುವುದು, ಬಾಲ್ಕನಿಯ ಬಿಸಿಲಿಗೆ ಗೂಡು ಇಡುವುದು ಎರಡನೆಯ ಬಗೆ.

ಸಲಹೆ ಕೊಟ್ಟವರೊಡನೆ ವಾದಕ್ಕಿಳಿಯುವ ಅಗತ್ಯವಿಲ್ಲ. ಎಷ್ಟು ವರ್ಷದಿಂದ ಸಾಕಿದ್ದೀರಿ, ನಿಮ್ಮ ಮನೆಯಲ್ಲಿ ಹೆಚ್ಚು ಕಾಲ ಬದುಕಿದ ಚಿಂಚಿಲಾ ಎಷ್ಟು ವಯಸ್ಸಿಗೆ ಹೋಯಿತು, ಹೀಗೆ ಮಾಡಲು ಕಾರಣವೇನು ಎಂದು ಮರ್ಯಾದೆಯಿಂದ ಕೇಳಿದರೆ ಒಳ್ಳೆಯ ಸಾಕಣೆದಾರರು ಬೇಸರಿಸುವುದಿಲ್ಲ. ಅವರಿಗೆ ಹೇಳಲು ಕಾರಣವೂ ಇರುತ್ತದೆ. ನಮ್ಮಲ್ಲಿ ಮೊದಲಿಂದ ಹೀಗೇ ಎಂಬುದಷ್ಟೇ ಉತ್ತರವಾದರೆ ನಕ್ಕು ಧನ್ಯವಾದ ಹೇಳಿ ಮುಂದೆ ಹೋಗಬಹುದು. ಮನೆಯಲ್ಲೇ ಒಬ್ಬ ನಂಬಿಕಸ್ಥ ಸಾಕ್ಷಿ ಇಟ್ಟುಕೊಳ್ಳುವುದು ಇದೆಲ್ಲಕ್ಕಿಂತ ಮೇಲು: ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ. ವಾರಕ್ಕೊಮ್ಮೆ, ಅದೇ ಹೊತ್ತಿಗೆ, ಚಿಂಚಿಲಾವನ್ನು ಬೋಗುಣಿಯಲ್ಲಿ ಕೂರಿಸಿ ತೂಗಿ ಬರೆದಿಡಬೇಕು. ದಟ್ಟ ತುಪ್ಪಳ ಸೊರಗಿದ ಮೈಯನ್ನು ಮುಚ್ಚಿಡುತ್ತದೆ, ಕಣ್ಣಿಗೆ ದುಂಡಗೇ ಕಾಣುತ್ತದೆ. ಬೆಳೆದ ಪ್ರಾಣಿಯ ತೂಕ ಹತ್ತರಲ್ಲಿ ಒಂದು ಪಾಲು ಇಳಿದಿದ್ದರೆ ಯಾರು ಏನೇ ಹೇಳಿರಲಿ, ಎಲ್ಲೋ ತಪ್ಪಿದೆ.

ಔಷಧದ ಸಲಹೆಯನ್ನು ಮಾತ್ರ ಯಾವ ಸಾಕಣೆದಾರರಿಂದಲೂ ಪಡೆಯಬಾರದು. ಭಾರತದ ಮನೆಗಳ ಔಷಧದ ಡಬ್ಬಿಯಲ್ಲಿ ಸಾಮಾನ್ಯವಾಗಿ ಸಿಗುವ ಅಮಾಕ್ಸಿಸಿಲಿನ್ ಮತ್ತು ಪೆನಿಸಿಲಿನ್ ಜಾತಿಯ ಇತರ ಮಾತ್ರೆಗಳು, ಕ್ಲಿಂಡಾಮೈಸಿನ್, ಲಿಂಕೋಮೈಸಿನ್ ಇವು ಚಿಂಚಿಲಾದ ಹೊಟ್ಟೆಗೆ ಹೋದರೆ ಕರುಳಿನ ಉಪಕಾರಿ ಸೂಕ್ಷ್ಮಜೀವಿಗಳು ಸತ್ತು, ವಿಷಕಾರಿಗಳು ಬೆಳೆದು ಕೆಲವೇ ದಿನಗಳಲ್ಲಿ ಪ್ರಾಣ ಹೋಗುತ್ತದೆ. ನಾಯಿಗೆ, ಮಗುವಿಗೆ ವಾಸಿ ಮಾಡಿದ ಔಷಧ ಇದಕ್ಕೂ ಆದೀತು ಎಂಬ ಸದುದ್ದೇಶವೇ ಇಲ್ಲಿ ಕೊಲ್ಲುವುದು. ಸಣ್ಣ ದಂಶಕಗಳನ್ನು ನೋಡಿ ಅಭ್ಯಾಸವಿರುವ ಪಶುವೈದ್ಯರು ಎಲ್ಲ ಊರಿನಲ್ಲೂ ಸಿಗುವುದಿಲ್ಲ; ಚಿಂಚಿಲಾ ತರುವ ಮುಂಚೆಯೇ ಅಂಥವರೊಬ್ಬರನ್ನು ಹುಡುಕಿ ಫೋನ್ ನಂಬರು ಗೂಡಿನ ಬಳಿ ಅಂಟಿಸಿರಬೇಕು. ಬಂದ ವಾರದೊಳಗೆ ಒಮ್ಮೆ ಹಲ್ಲು, ಕಿವಿ, ಚರ್ಮ ತೋರಿಸಿಕೊಂಡು ಬಂದರೆ ಆರೋಗ್ಯದ ದಿನದ ಅಳತೆಗಳು ವೈದ್ಯರ ಬಳಿಯೂ ದಾಖಲಾಗಿರುತ್ತವೆ.

ಚೆನ್ನಾಗಿ ನೋಡಿಕೊಂಡ ಚಿಂಚಿಲಾಗಳು ಹತ್ತರಿಂದ ಹದಿನೈದು ವರ್ಷ, ಕೆಲವು ಇಪ್ಪತ್ತು ವರ್ಷವೂ ಬದುಕುತ್ತವೆ. ಐದನೇ ತರಗತಿಯ ಮಗು ಹಟ ಹಿಡಿದು ತರಿಸಿಕೊಂಡ ಪ್ರಾಣಿಯನ್ನು ಆ ಮಗು ಓದಿಗೆ, ಕೆಲಸಕ್ಕೆ ಹೊರಟುಹೋದ ಮೇಲೆ ನೋಡಿಕೊಳ್ಳುವವರು ಅಪ್ಪ ಅಮ್ಮಂದಿರು. ಕೊಳ್ಳುವ ತೀರ್ಮಾನವೂ ಅವರದೇ ಆಗಿರಬೇಕು. ಎ.ಸಿ. ಕೋಣೆಯನ್ನು ಸದಾ ಇಡಲಾಗದ ಮನೆ, ಸಮೀಪದಲ್ಲಿ ಬಲ್ಲ ವೈದ್ಯರಿಲ್ಲದ ಊರು ಚಿಂಚಿಲಾಕ್ಕೆ ತಕ್ಕದ್ದಲ್ಲ. ಈಗಾಗಲೇ ಸಾಕಿಕೊಂಡವರು ಒಂದು ಮಾತನ್ನು ಮರೆಯಬಾರದು: ಪ್ರಾಣಿ ಮೇವು ಮುಟ್ಟದೆ, ಹಿಕ್ಕೆ ಹಾಕದೆ ಹನ್ನೆರಡು ಗಂಟೆ ಕಳೆದಿದ್ದರೆ ಯಾರ ಸಲಹೆಯನ್ನೂ ಕೇಳುತ್ತ ಕೂರದೆ ಆ ಕೂಡಲೇ ವೈದ್ಯರ ಬಳಿ ಒಯ್ಯಿರಿ.